ಸೈಟು ನೋಡುವ ಮೊದಲು ಚರಂಡಿ ನೋಡಿ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇರುವುದು ಹೊಸ ಬಡಾವಣೆಗಳ ವಿಚಾರವೇ. ಕೆಲಸದಲ್ಲಿದ್ದಷ್ಟು ಕಾಲ ಬಡಾವಣೆ ನಕ್ಷೆಗಳಲ್ಲಿ ತಪ್ಪು ಹುಡುಕುವುದೇ ನನ್ನ ಕಸುಬಾಗಿತ್ತು. ಹಾಗಾಗಿ ಈ ಪತ್ರಗಳನ್ನು ಓದುವುದೆಂದರೆ ನನಗೆ ಖುಷಿ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಾಯ್ದೆ, ಅಳತೆ, ಶುಲ್ಕ ಎಲ್ಲ ಒಂದೊಂದು ಕಡೆ ಒಂದೊಂದು ಥರ. ನೀರು ಮಾತ್ರ ಎಲ್ಲ ಕಡೆಯೂ ಇಳಿಜಾರಿಗೇ ಹರಿಯುತ್ತದೆ. ನನ್ನ ಉತ್ತರಗಳು ಸುತ್ತಿ ಸುತ್ತಿ ನೀರಿಗೇ ಬಂದರೆ ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ನಾವು ನೋಡಿದ ಬಡಾವಣೆಗೆ "ಅನುಮೋದನೆ ಸಿಕ್ಕಾಗಿದೆ" ಎಂದು ಮಾರುವವರು ಪತ್ರ ತೋರಿಸಿದರು. ಜಾಗದಲ್ಲಿ ಮಾತ್ರ ಗಡಿ ಕಲ್ಲು ಬಿಟ್ಟರೆ ಏನೂ ಇಲ್ಲ. ರಸ್ತೆ, ನೀರು ಎಲ್ಲ ಆಮೇಲೆ ಬರುತ್ತದೆ ಅನ್ನುತ್ತಾರೆ. ಮುಂಗಡ ಕೊಡಬಹುದಾ? — ಮೊದಲ ಸಲ ಸೈಟು ಕೊಳ್ಳುತ್ತಿರುವವರು

ಉತ್ತರ: ಯಾವ ಅನುಮೋದನೆ ಎಂದು ಕೇಳಿದಿರಾ? ಸಾಮಾನ್ಯವಾಗಿ ಇದು ಎರಡು ಹಂತದಲ್ಲಿ ನಡೆಯುತ್ತದೆ. ಮೊದಲನೆಯದು ಪ್ರಾಥಮಿಕ ಅನುಮೋದನೆ. "ಈ ನಕ್ಷೆಯ ಪ್ರಕಾರ ಕೆಲಸ ಶುರು ಮಾಡಬಹುದು" ಎಂಬುದಷ್ಟೇ ಅದರ ಅರ್ಥ. ರಸ್ತೆ, ಚರಂಡಿ, ನೀರು, ದೀಪ ಎಲ್ಲ ಹಾಕಿ, ಎಂಜಿನಿಯರ್ ಬಂದು ನೋಡಿ ಒಪ್ಪಿದ ಮೇಲೆ ಅಂತಿಮ ಅನುಮೋದನೆ ಸಿಗುತ್ತದೆ. ಕೆಲಸ ಮುಗಿಯುವ ಮುಂಚೆಯೇ ಅಂತಿಮ ಮಂಜೂರಾತಿ ಬೇಕೆಂದರೆ ಕೆಲವು ಕಡೆ ಬ್ಯಾಂಕ್ ಗ್ಯಾರಂಟಿ ಕೊಡಬೇಕಾಗುತ್ತದೆ. ಮಾರುವವರ ಬಾಯಲ್ಲಿ ಈ ಎರಡೂ ಒಂದೇ ಆಗಿಬಿಡುತ್ತವೆ. ನಿಮಗೆ ಬೇಕಾದದ್ದು ಎರಡನೆಯದು.

ಪತ್ರದ ಮೊದಲ ಪುಟ ಓದಿ ಸುಮ್ಮನಾಗಬೇಡಿ. ಅಸಲು ವಿಷಯ "ಈ ಕೆಳಗಿನ ಷರತ್ತುಗಳಿಗೆ ಒಳಪಟ್ಟು" ಎಂಬ ಸಾಲಿನ ಕೆಳಗೆ ಇರುತ್ತದೆ. ನಾನು ಯಾವಾಗಲೂ ಷರತ್ತುಗಳಿಂದಲೇ ಓದಲು ಶುರು ಮಾಡುತ್ತಿದ್ದೆ. "ಮುಖ್ಯ ಕೊಳವೆಯಲ್ಲಿ ಸಾಮರ್ಥ್ಯ ಲಭ್ಯವಾದ ನಂತರ ಸಂಪರ್ಕ" ಎಂದು ಒಂದು ಷರತ್ತು ಇದ್ದರೆ ಈಗ ನೀರಿಲ್ಲ ಎಂದೇ ಅರ್ಥ. ಅನುಮೋದನೆಗೆ ಅವಧಿ ಇದೆಯೋ, ಅದು ಮುಗಿದಿದೆಯೋ ನೋಡಿ. ಗ್ಯಾರಂಟಿ ಕೊಟ್ಟಿದ್ದಾರೆ ಎಂದರೆ ಅದರ ಮೊತ್ತ ಕೇಳಿ. ಕೆಲಸ ಮಾಡಿಸುವವರು ಅರ್ಧಕ್ಕೇ ಕೈಬಿಟ್ಟು ಹೋದರೆ ಆ ಹಣದಲ್ಲಿ ನಗರಸಭೆ ಉಳಿದದ್ದನ್ನು ಮುಗಿಸುವ ಹಾಗಿರಬೇಕು. ಕೆಲಸ ಆದ ಹಾಗೆ ಸ್ವಲ್ಪ ಸ್ವಲ್ಪ ಬಿಡುಗಡೆ ಮಾಡಿ, ಒಂದು ಪಾಲನ್ನು ದೋಷ ತಿದ್ದುವ ಅವಧಿ (ಕೆಲಸ ಮುಗಿದ ಮೇಲೆ ಕಂಡ ತಪ್ಪನ್ನು ಮಾಡಿಸಿದವರೇ ಸರಿಪಡಿಸಬೇಕಾದ ಕಾಲ) ಮುಗಿಯುವ ತನಕ ಹಿಡಿದಿಟ್ಟುಕೊಳ್ಳುವುದು ಸರಿಯಾದ ಪದ್ಧತಿ.

"ಆಮೇಲೆ ಬರುತ್ತದೆ" ಎಂಬ ಮಾತಿಗೆ ಅಮೆರಿಕದ ಫ್ಲಾರಿಡಾದಲ್ಲಿ ದೊಡ್ಡದೊಂದು ಉದಾಹರಣೆ ಇದೆ. 1960ರ ದಶಕದಲ್ಲಿ ಅಲ್ಲಿನ ಗೋಲ್ಡನ್ ಗೇಟ್ ಎಸ್ಟೇಟ್ಸ್ ಎಂಬಲ್ಲಿ ಜೌಗು ನೆಲದ ನೀರು ಬಸಿಯಲು ಕಾಲುವೆ ತೋಡಿದರು, ಉದ್ದಕ್ಕೂ ರಸ್ತೆ ಹಾಕಿದರು, ಕಣ್ಣಾರೆ ನೋಡದವರಿಗೂ ಸೈಟು ಮಾರಿದರು. ದಕ್ಷಿಣ ಭಾಗದಲ್ಲಿ ಊರು ಬೆಳೆಯಲೇ ಇಲ್ಲ. ಮಳೆಗಾಲದಲ್ಲಿ ನೆಲ ನೀರಿನಡಿ ಇರುತ್ತಿತ್ತು. ಕೊನೆಗೆ ಸರ್ಕಾರವೇ ಸಾವಿರಾರು ಮಾಲೀಕರಿಂದ ಆ ತುಂಡುಗಳನ್ನು ಕೊಳ್ಳಬೇಕಾಯಿತು. ಆಮೇಲೆ ರಸ್ತೆ ಕಿತ್ತು, ಕಾಲುವೆಗೆ ಮಣ್ಣು ತುಂಬುವ ಕೆಲಸ ನಡೆಯಿತು. ಈಗ ಅದು ಪಿಕಯೂನ್ ಸ್ಟ್ರಾಂಡ್ ಎಂಬ ಸರ್ಕಾರಿ ಅರಣ್ಯ. ನಕ್ಷೆಯಲ್ಲಿ ಗೆರೆ ಎಳೆದ ಮಾತ್ರಕ್ಕೆ ಸೈಟು ಆಗುವುದಿಲ್ಲ ಅಲ್ವಾ? ಮುಂಗಡ ಸದ್ಯಕ್ಕೆ ಬೇಡ.

ಪ್ರಶ್ನೆ: ನಮ್ಮ ಮನೆಗಿಂತ ಮೇಲೆ ನಾಲ್ಕು ಹೆಕ್ಟೇರ್ ಹುಲ್ಲುಗಾವಲಿದೆ. ಅಲ್ಲಿ ಬಡಾವಣೆ ಮಾಡುತ್ತಾರಂತೆ. ಈಗಲೇ ಜೋರು ಮಳೆ ಬಂದರೆ ಅಂಗಳದ ಅಂಚಿಗೆ ನೀರು ಬರುತ್ತದೆ. "ಏನೂ ವ್ಯತ್ಯಾಸ ಆಗಲ್ಲ, ಅಷ್ಟೇ ಮಳೆ ತಾನೇ ಬೀಳೋದು" ಅನ್ನುತ್ತಾರೆ ಅವರ ಕಡೆಯವರು. ನಿಜವಾ? — ಇಳಿಜಾರಿನ ಕೆಳಗಿನವರು

ಉತ್ತರ: ಮಳೆ ಅಷ್ಟೇ ಬೀಳುತ್ತದೆ, ಅದು ನಿಜ. ಹರಿದು ನಿಮ್ಮ ಕಡೆ ಬರುವುದು ಅಷ್ಟೇ ಅಲ್ಲ. ಈ ಲೆಕ್ಕ ಹಾಕುವ ವಿಧಾನವನ್ನು ಐರ್ಲೆಂಡಿನ ಎಂಜಿನಿಯರ್ ಥಾಮಸ್ ಮಲ್ವನಿ 1851ರಲ್ಲೇ ಬರೆದಿಟ್ಟರು. ಸಣ್ಣ ಜಾಗಗಳಿಗೆ ಇವತ್ತಿಗೂ ಅದೇ ಚಾಲ್ತಿಯಲ್ಲಿದೆ. ಎಷ್ಟು ಜಾಗ, ಎಷ್ಟು ಜೋರು ಮಳೆ, ಅದರಲ್ಲಿ ನೆಲ ಕುಡಿಯದೆ ಬಿಟ್ಟದ್ದು ಎಷ್ಟು ಪಾಲು, ಈ ಮೂರನ್ನು ಗುಣಿಸಿದರೆ ಆಯಿತು.

ನಿಮ್ಮ ಜಾಗಕ್ಕೇ ಹಾಕೋಣ. ಗಂಟೆಗೆ 50 ಮಿಲಿಮೀಟರ್ ಮಳೆ ಒಂದು ಗಂಟೆ ಸುರಿಯಿತು ಅಂದುಕೊಳ್ಳಿ. ನಾಲ್ಕು ಹೆಕ್ಟೇರ್ ಎಂದರೆ 40,000 ಚದರ ಮೀಟರ್. ಬಿದ್ದ ನೀರು 2,000 ಘನ ಮೀಟರ್. ಹುಲ್ಲುಗಾವಲಿನಲ್ಲಿ ನೂರಕ್ಕೆ 20 ಪಾಲು ಹರಿಯುತ್ತದೆ ಎಂದಿಟ್ಟುಕೊಂಡರೆ 400 ಘನ ಮೀಟರ್. ಅದೇ ನೆಲದ ಮೇಲೆ ಚಾವಣಿ, ಡಾಂಬರು, ಸಿಮೆಂಟ್ ಅಂಗಳ ಬಂದು ಹರಿಯುವ ಪಾಲು 60 ಆದರೆ 1,200 ಘನ ಮೀಟರ್. ಸೆಕೆಂಡಿಗೆ ಸುಮಾರು 111 ಲೀಟರ್ ಬರುತ್ತಿದ್ದ ಜಾಗಕ್ಕೆ 333 ಲೀಟರ್ ಬರುತ್ತದೆ. ಮೂರು ಪಟ್ಟು.

ಇಷ್ಟಕ್ಕೇ ಮುಗಿಯಲಿಲ್ಲ. ಹುಲ್ಲಿನ ನಡುವೆ ನೀರು ನಿಧಾನಕ್ಕೆ ಬರುತ್ತದೆ, ಕಾಂಕ್ರೀಟ್ ಚರಂಡಿಯಲ್ಲಿ ಓಡಿ ಬರುತ್ತದೆ. ಮೇಲಿನ ತುದಿಯ ನೀರು ಕೆಳಗೆ ಮುಟ್ಟಲು ಮೊದಲು ಅರ್ಧ ಗಂಟೆ ಬೇಕಿದ್ದರೆ ಈಗ ಹತ್ತು ನಿಮಿಷ ಸಾಕು. ಮಳೆಯ ಸ್ವಭಾವ ಏನೆಂದರೆ ಹತ್ತು ನಿಮಿಷದ ಹೊಡೆತ ಅರ್ಧ ಗಂಟೆಯ ಸರಾಸರಿಗಿಂತ ಜೋರು. ಹಾಗಾಗಿ ಲೆಕ್ಕಕ್ಕೆ ಹಿಡಿಯಬೇಕಾದ ಮಳೆಯ ಬಿರುಸೂ ಏರುತ್ತದೆ. ಮೂರು ಪಟ್ಟು ಎಂಬುದು ಕಡಿಮೆಯ ಲೆಕ್ಕ.

ಇದಕ್ಕೆ ಉಪಾಯ ಇಲ್ಲದೇ ಇಲ್ಲ. ಬಡಾವಣೆಯ ತಗ್ಗು ಮೂಲೆಯಲ್ಲಿ ನೀರು ತಡೆದು ನಿಧಾನಕ್ಕೆ ಬಿಡುವ ಒಂದು ಹೊಂಡ ಮಾಡಬೇಕು. ಮೇಲಿನ ಲೆಕ್ಕದ ಪ್ರಕಾರ ಆ ಒಂದು ಗಂಟೆಯ ಹೆಚ್ಚುವರಿ ನೀರು 800 ಘನ ಮೀಟರ್. ಒಂದೂವರೆ ಮೀಟರ್ ಆಳದ ಹೊಂಡವಾದರೆ ಸುಮಾರು 27 ಮೀಟರ್ ಉದ್ದ, 20 ಮೀಟರ್ ಅಗಲ ಬೇಕು. ದಂಡೆಯ ಇಳಿಜಾರು, ಹೂಳು ತೆಗೆಯಲು ವಾಹನ ಇಳಿಯುವ ದಾರಿ ಸೇರಿದರೆ ಇನ್ನೂ ಜಾಸ್ತಿ. ಅಂದರೆ ಮಾರಬಹುದಾದ ಒಂದೆರಡು ಸೈಟು ಹೋಯಿತು. ಹೊಂಡ ನಕ್ಷೆಯಿಂದ ಆಗಾಗ ಮಾಯವಾಗುವುದು ಅದಕ್ಕೇ.

ನೀವು ಕಚೇರಿಗೆ ಹೋಗಿ ಮಳೆನೀರಿನ ಹಾಳೆ ಕೇಳಿ. ಲೇಔಟ್ ನಕ್ಷೆ ಬೇರೆ, ಇದು ಬೇರೆ. ಹೊಂಡ ಇದ್ದರೆ ಅದರ ಹೊರಹರಿವಿನ ಕಿಂಡಿ ಎಷ್ಟು ಚಿಕ್ಕದು ನೋಡಿ, ನೀರನ್ನು ತಡೆಯುವುದು ಆ ಕಿಂಡಿಯೇ. ಹೊಂಡ ತುಂಬಿದ ಮೇಲೆ ಉಕ್ಕುವ ನೀರು ಯಾವ ಕಡೆ ಹೋಗುತ್ತದೆ ಎಂದು ಬೆರಳಿಟ್ಟು ತೋರಿಸಲು ಹೇಳಿ. ಆ ಬೆರಳು ನಿಮ್ಮ ಅಂಗಳದ ಕಡೆ ಬಂದರೆ ಆಕ್ಷೇಪಣೆ ಬರೆಯಿರಿ.

"ನೂರು ವರ್ಷಕ್ಕೊಮ್ಮೆ ಬರುವ ಮಳೆಗೆ ಮಾಡಿದ್ದೇವೆ" ಎಂದು ಅವರು ಹೇಳಬಹುದು. ಅಂಥ ಮಳೆ ಪ್ರತಿ ವರ್ಷವೂ ನೂರಕ್ಕೆ ಒಂದರಷ್ಟು ಸಾಧ್ಯ ಎಂದು ಅದರ ಅರ್ಥ. ಈ ವರ್ಷ ಬಂತು, ಇನ್ನು ನೂರು ವರ್ಷ ನಿಶ್ಚಿಂತೆ ಎಂದಲ್ಲ. 30 ವರ್ಷದ ಮನೆ ಸಾಲ ತೀರುವುದರೊಳಗೆ ಒಮ್ಮೆಯಾದರೂ ಬರುವ ಸಾಧ್ಯತೆ ನೂರಕ್ಕೆ ಸುಮಾರು 26.

ಪ್ರಶ್ನೆ: ನಮ್ಮ ಬಡಾವಣೆಯಲ್ಲಿ ಒಳಚರಂಡಿಗೆ 200 ಮಿಲಿಮೀಟರ್ ಕೊಳವೆ ಹಾಕುತ್ತಿದ್ದಾರೆ. ಮುಂದೆ ಕಟ್ಟಿಕೊಳ್ಳದಿರಲಿ ಎಂದು 400ರದ್ದು ಹಾಕಿ, ಬೇಕಾದರೆ ನಾವೇ ಹೆಚ್ಚಿನ ಹಣ ಕೊಡುತ್ತೇವೆ ಎಂದೆವು. ಎಂಜಿನಿಯರ್ ನಕ್ಕು ಸುಮ್ಮನಾದರು. — ಸೈಟುದಾರರ ಸಂಘದವರು

ಉತ್ತರ: ನಗುವ ಬದಲು ವಿವರಿಸಬಹುದಿತ್ತು. ಆದರೆ ಅವರು ಮಾಡಿದ್ದು ಸರಿ.

ಕೊಳಕು ನೀರು ಕೊಳವೆಯಲ್ಲಿ ಸೆಕೆಂಡಿಗೆ ಕಡಿಮೆ ಅಂದರೆ 0.6 ಮೀಟರ್ ವೇಗದಲ್ಲಿ ಹರಿಯಬೇಕು. ಆಗ ಹೊಲಸನ್ನು ತಾನೇ ತಳ್ಳಿಕೊಂಡು ಹೋಗುತ್ತದೆ. ಸ್ವಲ್ಪ ನೀರನ್ನು ದೊಡ್ಡ ಕೊಳವೆಗೆ ಬಿಟ್ಟರೆ ಅದು ತಳದಲ್ಲಿ ತೆಳ್ಳಗೆ ಹರಡಿಕೊಳ್ಳುತ್ತದೆ, ನೀರು ಜಾರಿ ಹೋಗುತ್ತದೆ, ಗಟ್ಟಿ ಅಲ್ಲೇ ಕೂರುತ್ತದೆ. ಕಟ್ಟಿಕೊಳ್ಳದಿರಲಿ ಎಂದು ಹಾಕಿಸಿದ ದೊಡ್ಡ ಕೊಳವೆಯೇ ಬೇಗ ಕಟ್ಟಿಕೊಳ್ಳುತ್ತದೆ. ಹಾಗೆ ಕೂತ ಹೊಲಸಿನಿಂದ ಹೈಡ್ರೋಜನ್ ಸಲ್ಫೈಡ್ ಏಳುತ್ತದೆ, ಕೊಳೆತ ಮೊಟ್ಟೆಯ ವಾಸನೆಯದು. ಕೊಳವೆಯ ಒಳಚಾವಣಿಯ ತೇವದಲ್ಲಿ ಬ್ಯಾಕ್ಟೀರಿಯಾ ಅದನ್ನು ಗಂಧಕಾಮ್ಲ ಮಾಡಿ ಕಾಂಕ್ರೀಟನ್ನೇ ತಿನ್ನಿಸುತ್ತದೆ. ಮೊದಲ ಕೆಲವು ವರ್ಷ ಹತ್ತು ಮನೆ ಬಂದು ನೂರು ಸೈಟು ಖಾಲಿ ಇರುವ ಬಡಾವಣೆಗಳಲ್ಲಿ ಈ ಕಾಟ ಜಾಸ್ತಿ.

ನಿಮ್ಮ ಸಂಘ ಕೇಳಬೇಕಾದದ್ದು ಇಳಿಜಾರಿನ ಬಗ್ಗೆ. 200 ಮಿಲಿಮೀಟರ್ ಕೊಳವೆಗೆ 250 ಮೀಟರಿಗೆ ಒಂದು ಮೀಟರ್ ಇಳಿತ ಕೊಟ್ಟರೆ ಆ ವೇಗ ಸಿಗುತ್ತದೆ. ಒಂದು ಕಿಲೋಮೀಟರ್ ಹೋಗುವಷ್ಟರಲ್ಲಿ ನಾಲ್ಕು ಮೀಟರ್ ಇಳಿಯಬೇಕು. ನೆಲ ಸಪಾಟಾಗಿದ್ದರೆ ಒಂದು ಮೀಟರ್ ಆಳದಲ್ಲಿ ಶುರುವಾದ ಕೊಳವೆ ಇನ್ನೊಂದು ತುದಿಯಲ್ಲಿ ಐದು ಮೀಟರ್ ಆಳದಲ್ಲಿರುತ್ತದೆ. ಅಷ್ಟು ಆಳ ಅಗೆಯಲು ಯಾರಿಗೂ ಮನಸ್ಸಿಲ್ಲ. ಆಗ ಮಧ್ಯದಲ್ಲಿ ಒಂದು ಬಾವಿ, ಒಂದು ಪಂಪು ಬರುತ್ತದೆ. ಪಂಪು ಬಂತೆಂದರೆ ಕೆಲವು ಪ್ರಶ್ನೆಗಳೂ ಬಂದವು: ಕರೆಂಟ್ ಬಿಲ್ ಕಟ್ಟುವವರು ಯಾರು, ಕರೆಂಟ್ ಹೋದಾಗ ಏನು ಗತಿ, ಎರಡನೇ ಪಂಪು ಇದೆಯಾ? ನೀವು ಹೆಚ್ಚಿಗೆ ಕೊಡಲು ತಯಾರಿದ್ದ ಹಣವನ್ನು ಜನರೇಟರಿಗೆ ಇಟ್ಟುಕೊಳ್ಳಿ.

ಇನ್ನೊಂದು. ಮನೆಗಳ ಚಾವಣಿಯ ನೀರನ್ನು ಒಳಚರಂಡಿಗೆ ಬಿಡಲು ಯಾರಿಗೂ ಅವಕಾಶ ಕೊಡಬೇಡಿ. ಸುಲಭ ಎಂದು ಬಿಡುತ್ತಾರೆ. ಮಳೆ ಬಂದ ದಿನ ತಗ್ಗಿನ ಮನೆಯ ಬಚ್ಚಲಲ್ಲಿ ಅದು ಮೇಲೆ ಬರುತ್ತದೆ.

ಪ್ರಶ್ನೆ: ನಮ್ಮ ಬೀದಿ ಕೊನೆಯಲ್ಲಿ ಮುಚ್ಚಿದ ಬೀದಿ, ಶಾಂತವಾಗಿರುತ್ತದೆ ಎಂದೇ ಸೈಟು ಕೊಂಡೆ. ಈಗ ನೋಡಿದರೆ ಅಂತಿಮ ನಕ್ಷೆಯಲ್ಲಿ ರಸ್ತೆಯನ್ನು ಪಕ್ಕದ ಖಾಲಿ ಜಮೀನಿನ ಗಡಿವರೆಗೆ ಎಳೆದಿದ್ದಾರೆ. ಯಾರೂ ಇಲ್ಲದ ಕಡೆಗೆ ರಸ್ತೆ ಯಾಕೆ? — ಹೆಸರು ಬೇಡ

ಉತ್ತರ: ಇವತ್ತು ಯಾರೂ ಇಲ್ಲ. ನಾಳೆ ಅಲ್ಲೂ ಬಡಾವಣೆ ಆಗುತ್ತದೆ. ಈಗ ಗಡಿವರೆಗೆ ರಸ್ತೆ ಬಿಡದಿದ್ದರೆ ಎರಡೂ ಬಡಾವಣೆಯ ಜನ ಪಕ್ಕದ ಮನೆಗೆ ಹೋಗಲೂ ಮುಖ್ಯರಸ್ತೆಗೆ ಬಂದು ಸುತ್ತಬೇಕು. ಆ ತುಂಡು ರಸ್ತೆಯನ್ನು ಹಟ ಮಾಡಿ ಬರೆಸಿದವರ ಪರವಾಗಿ ನಾನಿದ್ದೇನೆ, ಕೋಪ ಮಾಡಿಕೊಳ್ಳಬೇಡಿ.

ಬೆಂಕಿ ವಾಹನದ ವಿಷಯವೂ ಇದೆ. ಅಮೆರಿಕದ ಹಲವು ರಾಜ್ಯಗಳು ಬಳಸುವ ಅಂತರರಾಷ್ಟ್ರೀಯ ಅಗ್ನಿ ಸಂಹಿತೆಯ ಪ್ರಕಾರ ಅಡ್ಡಿಯಿಲ್ಲದ ರಸ್ತೆ ಅಗಲ 20 ಅಡಿ ಇರಬೇಕು. ಮುಚ್ಚಿದ ರಸ್ತೆ 150 ಅಡಿಗಿಂತ ಉದ್ದವಾದರೆ ವಾಹನ ತಿರುಗಿಸಿಕೊಳ್ಳಲು ಜಾಗ ಬೇಕು. ಅದರ ಒಂದು ಅನುಬಂಧ 30ಕ್ಕಿಂತ ಹೆಚ್ಚು ಮನೆಗಳಿರುವಲ್ಲಿ ಎರಡು ಬೇರೆ ಬೇರೆ ದಾರಿ ಕೇಳುತ್ತದೆ. ಒಂದೇ ದಾರಿಯಿದ್ದು ಅಲ್ಲೊಂದು ಲಾರಿ ಕೆಟ್ಟು ನಿಂತರೆ ಒಳಗಿರುವವರೆಲ್ಲ ಸಿಕ್ಕಿಕೊಂಡ ಹಾಗೆಯೇ.

ರಸ್ತೆಯ ಅಡಿಯಲ್ಲಿ ನೀರಿನ ಕೊಳವೆಯೂ ಹೋಗುತ್ತದೆ. ಕೊನೆ ಮುಚ್ಚಿದ ಕೊಳವೆಯಲ್ಲಿ ನೀರು ನಿಂತು ಕ್ಲೋರಿನ್ ಇಳಿದುಹೋಗುತ್ತದೆ. ಎಲ್ಲೋ ಒಂದು ಕಡೆ ಒಡೆದರೆ ಆಚೆಗಿನ ಮನೆಗಳಿಗೆಲ್ಲ ನೀರು ಬಂದ್. ಎರಡು ಕಡೆಯಿಂದ ಕೂಡಿಸಿದ ಕೊಳವೆಗೆ ಈ ತೊಂದರೆ ಇಲ್ಲ. ಮುಂದೆ ಪಕ್ಕದ ಬಡಾವಣೆಯ ಕೊಳವೆ ನಿಮ್ಮದಕ್ಕೆ ಸೇರುವ ಜಾಗವೂ ಈ ತುಂಡು ರಸ್ತೆಯೇ.

ಶಾಂತ ಬೀದಿ ಬೇಕು ಎಂಬ ನಿಮ್ಮ ಆಸೆ ತಪ್ಪಲ್ಲ. 1929ರಲ್ಲಿ ನ್ಯೂಜೆರ್ಸಿಯ ರ್‍ಯಾಡ್‌ಬರ್ನ್‌ನಲ್ಲಿ ನಗರ ಯೋಜಕರಾದ ಕ್ಲಾರೆನ್ಸ್ ಸ್ಟೈನ್ ಮತ್ತು ಹೆನ್ರಿ ರೈಟ್ ಮುಚ್ಚಿದ ಬೀದಿಗಳನ್ನೇ ಮಾಡಿದರು. ಆದರೆ ಕಾರಿಗೆ ಮುಚ್ಚಿದ ಬೀದಿ ಕಾಲಿಗೆ ಮುಚ್ಚಿರಲಿಲ್ಲ. ಮನೆಗಳ ಇನ್ನೊಂದು ಮಗ್ಗುಲಲ್ಲಿ ನಡೆಯುವ ದಾರಿ, ಅಲ್ಲಿಂದ ಉದ್ಯಾನ. ಆಮೇಲೆ ನಕಲು ಮಾಡಿದ ಎಷ್ಟೋ ಜನ ಮುಚ್ಚಿದ ತುದಿ ಮಾತ್ರ ತೆಗೆದುಕೊಂಡು ಕಾಲುದಾರಿ ಬಿಟ್ಟುಬಿಟ್ಟರು. ಸಾಧ್ಯವಾದರೆ ನಗರಸಭೆಗೆ ಒಂದು ಬೋರ್ಡ್ ಹಾಕಲು ಹೇಳಿ: "ಈ ರಸ್ತೆ ಮುಂದೆ ವಿಸ್ತರಣೆಯಾಗಲಿದೆ." ನಿಮ್ಮ ನಂತರ ಕೊಳ್ಳುವವರಾದರೂ ನಿಮ್ಮ ಹಾಗೆ ಬೇಸರಪಡುವುದು ಬೇಡ.

ಪ್ರಶ್ನೆ: ಮೂಲೆ ಸೈಟು ಎಂದು ಹೆಚ್ಚಿಗೆ ಕೊಟ್ಟು ಕೊಂಡೆವು. ಈಗ ಮೂಲೆಯನ್ನೇ ತ್ರಿಕೋನವಾಗಿ ಕತ್ತರಿಸಿ ರಸ್ತೆಗೆ ಸೇರಿಸಿದ್ದಾರೆ!

ಉತ್ತರ: ತಿರುವಿನಲ್ಲಿ ಬರುವ ವಾಹನ ಕಾಣಲಿ ಎಂದು. 1859ರಲ್ಲಿ ಎಂಜಿನಿಯರ್ ಇಲ್ದೆಫಾನ್ಸ್ ಸೆರ್ದಾ ಸ್ಪೇನಿನ ಬಾರ್ಸಿಲೋನಾದ ವಿಸ್ತರಣೆಗೆ ನಕ್ಷೆ ಮಾಡಿದಾಗ ಪ್ರತಿ ಬ್ಲಾಕಿನ ನಾಲ್ಕೂ ಮೂಲೆ ಕತ್ತರಿಸಿದ್ದರು. ಕಾರು ಹುಟ್ಟುವ ಮೊದಲಿನ ಮಾತು ಅದು. ನಿಮ್ಮದು ಎಷ್ಟು ಹೋಗಿದೆಯೋ ಅಷ್ಟನ್ನು ಕ್ರಯಪತ್ರದ ಅಳತೆಯಲ್ಲಿ ಕಳೆದಿದ್ದಾರಾ ನೋಡಿ. ಕಳೆದಿಲ್ಲವಾದರೆ ಮಾರಿದವರನ್ನು ಕೇಳಿ, ನಗರಸಭೆಯನ್ನಲ್ಲ. ಉಳಿದ ಮೂಲೆಯಲ್ಲೂ ಎತ್ತರದ ಕಾಂಪೌಂಡ್ ಕಟ್ಟಬೇಡಿ.

ಪ್ರಶ್ನೆ: ಹೊಸ ಡಾಂಬರು ಹಾಕಿದ ಮರುವರ್ಷವೇ ನಮ್ಮ ಬಡಾವಣೆಯ ರಸ್ತೆ ಅಗೆದರು. ಮುಚ್ಚಿದ ಕಡೆ ಈಗ ಉದ್ದಕ್ಕೂ ತಗ್ಗು. ಇದಕ್ಕೆ ಕೊನೆಯೇ ಇಲ್ಲವಾ? — ಸ್ಕೂಟರ್ ಸವಾರರು

ಉತ್ತರ: ಆಳದ್ದು ಮೊದಲು, ಮೇಲಿನದ್ದು ಕೊನೆಗೆ. ಮೊದಲು ನೆಲದ ಲೆವೆಲ್, ಆಮೇಲೆ ಒಳಚರಂಡಿ, ಮಳೆನೀರಿನ ಚರಂಡಿ, ನೀರಿನ ಕೊಳವೆ, ಅದಾದ ಮೇಲೆ ಕರೆಂಟ್ ಮತ್ತು ಇಂಟರ್ನೆಟ್ ಕೇಬಲ್. ಪ್ರತಿ ಸೈಟಿನ ಗಡಿವರೆಗೂ ಕವಲು ಕೊಳವೆ ಈಗಲೇ ತಂದು ಮುಚ್ಚಳ ಹಾಕಿಡಬೇಕು. ರಸ್ತೆ ದಾಟುವ ಕಡೆಗಳಲ್ಲಿ ಒಂದೆರಡು ಖಾಲಿ ಕೊಳವೆ ಹೂತಿಟ್ಟರೆ ಮುಂದೆ ಯಾವ ಹೊಸ ಕೇಬಲ್ ಬಂದರೂ ಅಗೆಯುವುದು ತಪ್ಪುತ್ತದೆ. ಇಷ್ಟೆಲ್ಲ ಆದ ಮೇಲೆ ಜಲ್ಲಿ, ಡಾಂಬರು. ಮೇಲಿನ ಕೊನೆಯ ಡಾಂಬರು ಪದರವನ್ನು ಹೆಚ್ಚಿನ ಮನೆಗಳು ಎದ್ದ ಮೇಲೆ ಹಾಕಿದರೆ ಇನ್ನೂ ಒಳ್ಳೆಯದು. ಇಟ್ಟಿಗೆ, ಮರಳಿನ ಲಾರಿಗಳು ಕೆಳ ಪದರದ ಮೇಲೆ ಓಡಾಡಿಕೊಂಡಿರಲಿ.

ಈ ಕ್ರಮ ಎಲ್ಲರಿಗೂ ಗೊತ್ತು. ಆದರೆ ಡಾಂಬರು ಕಂಡರೆ ಸೈಟು ಬೇಗ ಮಾರಾಟವಾಗುತ್ತದೆ. ಹೂತ ಕೊಳವೆಯ ಫೋಟೋ ಜಾಹೀರಾತಿಗೆ ಆಗುವುದಿಲ್ಲ.

ತಗ್ಗಿನ ಕಾರಣ ಬೇರೆ. ಗುಂಡಿಗೆ ಮಣ್ಣನ್ನು ಒಂದೇ ಸಲ ಸುರಿದು ಮೇಲೆ ಮಾತ್ರ ಒತ್ತಿದ್ದಾರೆ. ತೆಳು ಪದರ ಹಾಕಿ, ತೇವ ಮಾಡಿ, ಪ್ರತಿ ಪದರವನ್ನೂ ಒತ್ತಿ ಮೇಲೆ ಬರಬೇಕು. ಹಾಗೆ ಮಾಡದಿದ್ದರೆ ವಾಹನ ಓಡಾಡಿ, ಮಳೆ ಇಳಿದು ಮಣ್ಣು ತಾನೇ ಕೂರುತ್ತದೆ. ದೋಷ ತಿದ್ದುವ ಅವಧಿ ಇನ್ನೂ ಮುಗಿದಿಲ್ಲವಾದರೆ ಈ ವಾರವೇ ಫೋಟೋ ಸಮೇತ ಬರೆದು ಕೊಡಿ. ಮುಗಿದ ಮೇಲೆ ಆ ತಗ್ಗು ನಿಮ್ಮ ತೆರಿಗೆ ಹಣದ್ದು.

ಪ್ರಶ್ನೆ: ಉದ್ಯಾನಕ್ಕೆ ಜಾಗ ಬಿಟ್ಟಿದ್ದಾರೆ. ಆದರೆ ಅದು ಹೈಟೆನ್ಷನ್ ತಂತಿಯ ಕೆಳಗೆ ಉದ್ದನೆಯ ಪಟ್ಟಿ. ಇದು ನಡೆಯುತ್ತಾ?

ಉತ್ತರ: ಮನೆ ಕಟ್ಟಲಾಗದ ಜಾಗಕ್ಕೆ ಹಸಿರು ಬಣ್ಣ ಬಳಿಯುವುದು ಹಳೇ ಆಟ. ತಂತಿಯ ಕೆಳಗೆ, ಕಡಿದಾದ ಇಳಿಜಾರಲ್ಲಿ, ಎರಡು ರಸ್ತೆಯ ನಡುವೆ ಉಳಿದ ಚೂಪು ಮೂಲೆಯಲ್ಲಿ ಉದ್ಯಾನ ಬರುತ್ತದೆ. ನಿಮ್ಮ ಕಡೆಯ ನಿಯಮದಲ್ಲಿ ಇಂಥ ಜಾಗ ಲೆಕ್ಕಕ್ಕೆ ಬರುತ್ತದಾ ಕೇಳಿ. ಬರುವ ಹಾಗಿದ್ದರೂ ಮಕ್ಕಳ ಆಟಕ್ಕೆ ಬೇರೆ ಸಪಾಟಾದ ತುಂಡು ಕೇಳುವ ಹಕ್ಕು ನಿಮಗಿದೆ.

ಪ್ರಶ್ನೆ: ಮುಂದಿನ ತಿಂಗಳು ನಮ್ಮ ಪಕ್ಕದ 80 ಮನೆಗಳ ಬಡಾವಣೆಯ ಬಗ್ಗೆ ಸಾರ್ವಜನಿಕ ಅಹವಾಲು ಸಭೆ ಇದೆ. ಮಾತಾಡಲು ಸ್ವಲ್ಪ ಹೊತ್ತು ಕೊಡುತ್ತಾರಂತೆ. ಏನು ಹೇಳಲಿ? — ನಿವೃತ್ತ ಶಿಕ್ಷಕಿ

ಉತ್ತರ: ಮೇಡಂ, "ನಮ್ಮ ನೆಮ್ಮದಿ ಹಾಳಾಗುತ್ತದೆ" ಎಂದು ಶುರು ಮಾಡಬೇಡಿ. ನಿಜವೇ ಇರಬಹುದು, ಆದರೆ ಅದನ್ನು ಕಡತದಲ್ಲಿ ಬರೆದುಕೊಂಡು ಏನೂ ಮಾಡಲಾಗುವುದಿಲ್ಲ. ಆ ಮಾತು ಕೇಳಿದಾಗ ಮೇಜಿನ ಈಚೆ ಕೂತ ನಾವು ತಲೆಯಾಡಿಸುತ್ತಿದ್ದೆವು, ಅಷ್ಟೇ. ಯಾರಾದರೂ "ಮೂರನೇ ಹಾಳೆಯಲ್ಲಿ ಚರಂಡಿಯ ಕೊನೆಯ ಲೆವೆಲ್ ನಮ್ಮ ಹಳ್ಳದ ತಳಕ್ಕಿಂತ ಕೆಳಗಿದೆ, ನೀರು ಹೇಗೆ ಇಳಿಯುತ್ತದೆ?" ಎಂದು ಕೇಳಿದರೆ ಎಲ್ಲರೂ ಹಾಳೆ ತಿರುವಿ ಹಾಕುತ್ತಿದ್ದರು. ಅದಕ್ಕೆ ಉತ್ತರ ಕೊಡದೆ ಸಭೆ ಮುಂದೆ ಹೋಗುವಂತಿರಲಿಲ್ಲ.

ಸಭೆಗೆ ಮುಂಚೆಯೇ ಕಡತ ನೋಡಲು ಹೋಗಿ. ನೀವು ಪಾಠ ಮಾಡಿದವರು, ಉತ್ತರ ಪತ್ರಿಕೆ ತಿದ್ದುವ ಕಣ್ಣಿನಿಂದ ನೋಡಿ. ಸಂಚಾರದ ವರದಿ ಇದ್ದರೆ ದಿನಕ್ಕೆ ಎಷ್ಟು ವಾಹನ ಓಡಾಟ ಹಿಡಿದಿದ್ದಾರೆ ಎಂದು ಹುಡುಕಿ. ಅಮೆರಿಕದ ಸಂಚಾರ ಎಂಜಿನಿಯರುಗಳ ಕೈಪಿಡಿಯಲ್ಲಿ ಒಂದು ಬಿಡಿ ಮನೆಗೆ ದಿನಕ್ಕೆ ಒಂಬತ್ತೂವರೆಯ ಹತ್ತಿರ ಓಡಾಟ ಹಿಡಿಯುತ್ತಾರೆ. ಆ ಲೆಕ್ಕದಲ್ಲಿ 80 ಮನೆಗೆ 760. ಅದು ಕಾರಿಲ್ಲದೆ ಏನೂ ಆಗದ ಊರುಗಳ ಲೆಕ್ಕ, ಬಸ್ಸು ಚೆನ್ನಾಗಿರುವ ಕಡೆ ಕಡಿಮೆ. ವರದಿಯಲ್ಲಿ 200 ಎಂದಿದ್ದರೆ ಆ ಅಂಕಿ ಎಲ್ಲಿಂದ ಬಂತು ಎಂದಷ್ಟೇ ಕೇಳಿ. ನೀರಿನ ಮೂಲ ಯಾವುದು, ಅದರಲ್ಲಿ ಈಗಾಗಲೇ ಎಷ್ಟು ಮನೆಗೆ ಮಾತು ಕೊಟ್ಟಾಗಿದೆ ಎಂಬುದೂ ಒಳ್ಳೆಯ ಪ್ರಶ್ನೆ. ಮಂಜೂರಾಗಿ ಇನ್ನೂ ಕಟ್ಟದ ಬಡಾವಣೆಗಳನ್ನು ಲೆಕ್ಕಕ್ಕೆ ಹಿಡಿಯುವುದು ಎಷ್ಟೋ ಸಲ ಮರೆತುಹೋಗುತ್ತದೆ.

ಬೇಡ ಎನ್ನುವುದಕ್ಕಿಂತ ಷರತ್ತು ಕೇಳುವುದು ಲಾಭ. ಬಡಾವಣೆ ಪೂರ್ತಿ ನಿಲ್ಲುವುದು ಅಪರೂಪ, ಷರತ್ತು ಸೇರುವುದು ಮಾಮೂಲು. "ಮಳೆನೀರಿನ ಹೊಂಡ ಮುಗಿದು ಪರಿಶೀಲನೆ ಆಗುವ ತನಕ ಮೊದಲ ಮನೆಗೂ ಕಟ್ಟಡ ಪರವಾನಗಿ ಕೊಡಬಾರದು" ಎಂಬ ಒಂದು ಸಾಲು ಸೇರಿಸಿದರೆ ನಿಮ್ಮ ಬೀದಿಗೆ ದೊಡ್ಡ ಉಪಕಾರ. ಹೊಂಡದ ಹೂಳು ಯಾರು ತೆಗೆಯಬೇಕು, ಆ ಹಣ ಎಲ್ಲಿಂದ ಎಂಬುದನ್ನೂ ಷರತ್ತಿನಲ್ಲೇ ಬರೆಸಿ. ಹೇಳಬೇಕಾದದ್ದನ್ನು ಒಂದು ಪುಟದಲ್ಲಿ ಬರೆದುಕೊಂಡು ಹೋಗಿ. ಹಾಳೆಯ ಸಂಖ್ಯೆ ಹಾಕಿ. ಓದಿದ ಮೇಲೆ ಆ ಪುಟವನ್ನು ಅಲ್ಲೇ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬನ್ನಿ.